ಮಗುವಿಗೆ ನಿಮ್ಮ ಹೆಸರಿಲ್ಲ

ಅತ್ತೆ,

ನೀವು ಮಣ್ಣು ಸೇರಿ ವರ್ಷವಾಯಿತು. ಇನ್ನು ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನಾನು ಮತ್ತೆ ಬಸುರಿ. ಮೊದಲಿನೆರಡು ಕೂಸುಗಳನ್ನು ನುಂಗಿದ್ದು ನನ್ನದೇ ರಕ್ತದ ಹೆಪ್ಪು ಎನ್ನುತ್ತಾರೆ ಡಾಕ್ಟರ್. ಅದನ್ನು ತೆಳುವಾಗಿಸಲು ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತೇನೆ. ಊರವರೆಲ್ಲ ಮೀಯುವ ಹಮ್ಮಾಮಿನಲ್ಲಿ ಅರ್ಧ ಮೆಕ್ನೆಸ್ ಊರಿನ ಹೆಂಗಸರೆದುರು, "ಸೊಸೆಯದು ಹೊಟ್ಟೆಯಲ್ಲ ಕಣ್ರೇ, ಖಬರಸ್ತಾನ" ಅಂದಿದ್ದಿರಲ್ಲ, ಅದೇ ಹೊಟ್ಟೆಗೆ.

ಇವತ್ತು ಬೆಳಿಗ್ಗೆ ತಲೆ ಸಿಡಿಯತೊಡಗಿತು. ನಿಮ್ಮ ತಂಗಿ ಬತೂಲ್, ಚರ್ಮ ಗೀರಿ ಬಟ್ಟಲು ಹಚ್ಚಿ ರಕ್ತ ತೆಗೆಯುವವಳನ್ನೇ ಕರೆತಂದರು.

"ಕೆಟ್ಟ ರಕ್ತ ಹೋದ್ರೆ ನೋವೂ ಹೋಗುತ್ತೆ. ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಕತ್ತು ಹಿಡಿದು ಗೀರಿಸ್ತಿದ್ಲು."

"ಗೀರಿದ್ರೆ ನನ್ನ ರಕ್ತ ನಿಲ್ಲಲ್ಲ ಚಿಕ್ಕತ್ತೆ. ಅವರಿಲ್ಲದ್ದೇ ನನ್ನ ಅದೃಷ್ಟ" ಎಂದು ಆಸ್ಪತ್ರೆಗೆ ಹೊರಟೆ.

ತಲೆಯ ಸ್ಕ್ಯಾನ್ ಮಾಡಿದರು. ಒಳಗೆ ರಕ್ತ ಸೋರಿಲ್ಲ. "ಈ ಸೂಜಿ ತಗೊಳ್ಳೋರು ಇಂಥ ನೋವು ಇಟ್ಕೊಂಡು ಮನೇಲಿ ಕೂರಬಾರದಮ್ಮ, ಬಂದಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರ್. ಹೊಟ್ಟೆಯಲ್ಲಿರುವುದು ಹೆಣ್ಣು. ಜೋರಾಗಿ ಒದೆಯುತ್ತಾಳೆ.

ಹುಟ್ಟಿದ ಏಳನೆಯ ದಿನ ಕುರಿ ಕೊಯ್ದು ಮಗುವಿಗೆ ನಿಮ್ಮ ಹೆಸರಿಡಬೇಕೆಂದು ನಿಮ್ಮ ಮಗನ ಆಸೆ. ನಾನು ಬಿಡುವುದಿಲ್ಲ. ಝುಲೈಖಾ ಎಂಬ ಹೆಸರು ಖಬರಸ್ತಾನದಲ್ಲೇ ಇರಲಿ.

ತಲೆ ಇನ್ನೂ ಸ್ವಲ್ಪ ನೋಯುತ್ತಿದೆ. ಹಣೆಗೆ ನಿಂಬೆ ಬಿಲ್ಲೆಯಿಟ್ಟು ರುಮಾಲು ಬಿಗಿದುಕೊಂಡಿದ್ದೇನೆ. ಮೊದಲ ಕೂಸು ಹೋದ ದಿನ ನೀವೇ ನಿಮ್ಮ ತಲೆಯಿಂದ ಬಿಚ್ಚಿ ನನಗೆ ಕಟ್ಟಿದ ರುಮಾಲು. ನಾನು ಹಿಂದಿರುಗಿಸಲಿಲ್ಲ. ನೀವೂ ಕೇಳಲಿಲ್ಲ.

ಘಿಝ್ಲಾನ್