ಎಲೆ ಹಾಕುವ ಮೊದಲು

ಚನ್ನಗಿರಿ
ಭಾನುವಾರ, 16-11-2025

ನನ್ನ ಮುದ್ದು ಸುಧಾಗೆ,

ಅಮ್ಮನ ಆಶೀರ್ವಾದ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ಯಾರೋ ಪೇಷಂಟು ಕರೆಯುತ್ತಾರೆ, ನೀನು "ಆಮೇಲೆ ಹೇಳಮ್ಮ" ಎಂದು ಇಟ್ಟುಬಿಡುತ್ತೀಯ. ಇದು ಆಮೇಲೆ ಹೇಳುವ ವಿಷಯವಲ್ಲ. ಅಲ್ಲದೆ ನೀನು ಎದುರಿಗಿದ್ದರೆ ನನಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ.

ವಿಷಯ ಇಷ್ಟೇ. ಮೋಟಾರ್ ಅಂಗಡಿಯ ತಿಪ್ಪೇರುದ್ರಸ್ವಾಮಿಯವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ನಿನ್ನೆ, ಹೊನ್ನಾಳಿಯಲ್ಲಿ, ಇಟಲಿ ಊಟದ ಮುಂದೆ ಕೂರಿಸಿ. ಮಗಳನ್ನು ಕೇಳಬೇಕು ಎಂದು ಹೇಳಿ ಬಂದಿದ್ದೇನೆ. ನಗಬೇಡ, ಅಳಬೇಡ, ಮೊದಲು ಪೂರ್ತಿ ಓದು.

ಅವರನ್ನು ನೀನು ನೋಡಿದ್ದೀಯ. ನನ್ನ ಟೈಲರಿಂಗ್ ಅಂಗಡಿಯ ಎದುರು ಸಾಲಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಾ ಕೂರುತ್ತಾರಲ್ಲ, ಅವರೇ. ಜಗಳೂರಿನವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ದಸರಾ ರಜೆಗೆ ನೀನು ಬಂದಿದ್ದಾಗ ನನ್ನ ಹೊಲಿಗೆ ಮಷಿನ್ನಿನ ಮೋಟಾರ್ ಸುಟ್ಟು, ಅವರೇ ಬಂದು ಬಿಚ್ಚಿಕೊಂಡು ಕೂತಿದ್ದರು. ನೀನು ಮೊಬೈಲಿನಲ್ಲಿ ಏನೋ ನೋಡುತ್ತಿದ್ದೆ. ಮೇಜಿನ ಮೇಲೆ ಮೇಣದಬತ್ತಿ, ಒಬ್ಬ ಹುಡುಗ ಮಂಡಿಯೂರಿ ಹುಡುಗಿಯನ್ನು ಕೇಳುತ್ತಿದ್ದ. ಅದು ಇಟಲಿ ಹೋಟೆಲ್ ಎಂದು ನೀನೇ ಹೇಳಿದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು, ನೆನಪಿದೆಯಾ? "ನಮ್ಮನ್ನ ಯಾರು ಹಿಂಗೆ ಕೇಳಿದ್ರೇ? ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಬಂದೆ, ಆಮೇಲೆ ನಮ್ಮಪ್ಪ ಎಲೆ ಹಾಕ್ರಿ ಅಂದಿದ್ದು ಕೇಳಿಸ್ತು, ಅಷ್ಟೇ" ಎಂದೆ.

ನೀನು ನಕ್ಕೆ, ನಾನೂ ನಕ್ಕೆ. ಆದರೆ ಅದು ನಿಜ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ತಿಂಡಿ ತಿನ್ನಬಹುದು, ಕಾಫಿ ಕುಡಿಯಬಹುದು. ಮಾತು ಒಪ್ಪಿಗೆಯಾಗುವ ತನಕ ಅನ್ನ ಮುಟ್ಟುವಂತಿಲ್ಲ. ಹೋದ ವರ್ಷ ನ್ಯಾಮತಿಯ ನಿನ್ನ ದೊಡ್ಡಮ್ಮನ ಮನೆಗೆ ನಿನ್ನನ್ನು ನೋಡಲು ಬಂದವರು ಹಸಿದಿದ್ದರೂ ಊಟಕ್ಕೆ ಏಳದೆ ಬಸ್ಸು ಹತ್ತಿದರಲ್ಲ, ಅದಕ್ಕೇ. ಅನ್ನಕ್ಕೆ ಕೂತರೆ ಒಪ್ಪಿದ ಹಾಗೆ. ನನ್ನ ಮದುವೆ ಗೊತ್ತಾದದ್ದು ನನಗೆ ತಿಳಿದದ್ದೇ ಅಡುಗೆಮನೆಯಲ್ಲಿ ನಿಂತು, ಪಡಸಾಲೆಯಲ್ಲಿ ಬಾಳೆ ಎಲೆ ಹಾಕುವ ಸದ್ದು ಕೇಳಿ. ನಿಮ್ಮಪ್ಪ ಒಳ್ಳೆಯವರು. ಇದ್ದಷ್ಟು ದಿನ ನನ್ನನ್ನು ಚೆನ್ನಾಗಿ ನೋಡಿಕೊಂಡರು, ಇವತ್ತಿಗೂ ಅವರ ಫೋಟೋಕ್ಕೆ ಹೂ ಇಡದೆ ನಾನು ಅಂಗಡಿಗೆ ಹೊರಡುವುದಿಲ್ಲ. ಆದರೂ ನನ್ನನ್ನು ಯಾರೂ ಕೇಳಿರಲಿಲ್ಲ.

ಸ್ಕ್ರೂಡ್ರೈವರ್ ಹಿಡಿದು ತಲೆ ತಗ್ಗಿಸಿ ಕೂತಿದ್ದ ಆ ಮನುಷ್ಯ ಆ ಮಾತನ್ನು ಕೇಳಿಸಿಕೊಂಡಿದ್ದಾರೆ ನೋಡು! ಮೋಟಾರು ಸರಿ ಮಾಡಿ ಎದ್ದು ಹೋದರು. ಅವತ್ತಿನಿಂದ ಇಟಲಿ ಹೋಟೆಲ್ ಹುಡುಕಲು ಶುರುಮಾಡಿದ್ದಾರೆ.

ಮೊದಲು ಇಲ್ಲೇ ಬಸ್‌ಸ್ಟ್ಯಾಂಡಿನ ಬೇಕರಿ. ಪಿಜ್ಜಾ ಎಂದು ಬೋರ್ಡು ಹಾಕಿದ್ದಾರೆ, ಕೊಟ್ಟದ್ದು ಬನ್ನಿನ ಮೇಲೆ ಟೊಮೆಟೊ ಸಾಸು, ಅದರ ಮೇಲೆ ಖಾರಾ ಸೇವು. ಅದನ್ನೂ ನಿಂತೇ ತಿನ್ನಬೇಕು. ನ್ಯಾಮತಿಯಲ್ಲಿ ಇಟಾಲಿಯನ್ ಅಂತ ದೊಡ್ಡ ಬೋರ್ಡೇ ಇದೆ ಎಂದು ಯಾರೋ ಹೇಳಿದರಂತೆ. ಬಸ್ಸು ಹತ್ತಿ ಹೋಗಿ ನೋಡಿದರೆ ಗೋಣೆಪ್ಪ ಎನ್ನುವವರ ಮಾರ್ಬಲ್ ಅಂಗಡಿ. ಆ ಪುಣ್ಯಾತ್ಮ ಇವರನ್ನು ಬಿಡದೆ ಕೂರಿಸಿ, ಚಹಾ ಕುಡಿಸಿ, ಬಚ್ಚಲಮನೆಗೆ ಯಾವ ಕಲ್ಲು ಒಳ್ಳೆಯದು ಎಂದು ಪೂರ್ತಿ ತಿಳಿಸಿ ಕಳಿಸಿದ್ದಾನೆ. ಜಗಳೂರಿನಲ್ಲಿ ಇವರ ಸ್ನೇಹಿತ ಓಬಳೇಶನ ಡಾಬಾ ಇದೆ. ಅವನು ಮೇಣದಬತ್ತಿ ಹಚ್ಚಿಸಿ, ಪನೀರು ಮಾಡಿಸಿ, ಇದೇ ಇಟಲಿ ಎಂದುಬಿಡುತ್ತೇನೆ ಎಂದನಂತೆ. ಇವರು, "ಸುಳ್ಳು ಹೇಳಿ ಕೇಳಾಕೆ ನನಗೆ ಆಗಲ್ಲಪ್ಪ" ಎಂದು ಎದ್ದು ಬಂದರಂತೆ.

ದಾವಣಗೆರೆಯಲ್ಲಿ ನಿಜವಾದ ಒಂದು ಸಿಕ್ಕಿತ್ತು. ಏಸಿ, ಗಾಜು, ಮೆತ್ತನೆಯ ಕುರ್ಚಿ, ಎಲ್ಲಾ ಇತ್ತು. ಅದನ್ನು ಯಾಕೆ ಬಿಟ್ಟಿರಿ ಎಂದು ನಿನ್ನೆ ಹೊನ್ನಾಳಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಲ್ಲಿ ತಟ್ಟೆ ನಾವೇ ಹಿಡ್ಕಂಡು ಬರಬೇಕ್ರಿ. ನಿಮಗೆ ಮತ್ತೆ ತಟ್ಟೆ ಹಿಡಿಸಾಕೆ ಮನಸ್ಸು ಬರಲಿಲ್ಲ" ಎಂದರು.

ಸುಧಾ, ಇಂಥ ಮನುಷ್ಯರು ಇರುತ್ತಾರಲ್ಲ ಎಂದು ಆಶ್ಚರ್ಯವಾಗುತ್ತದೆ.

ಹೋದ ವಾರ ಅಂಗಡಿಯ ಬಾಗಿಲಿಗೆ ಬಂದು, "ಶನಿವಾರ ಹೊನ್ನಾಳಿಗೆ ಬರ್ತೀರೇನ್ರಿ? ಒಂದು ಮಾತು ಕೇಳದೈತೆ" ಎಂದಿದ್ದರು. ಏನು ಮಾತು ಎಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಹಸಿರು ಸೀರೆ ಉಟ್ಟಿದ್ದೆ, ಕೈಗೆ ಸಿಕ್ಕಿತು ಅಂತ. ರವಿಕೆ ಹೊಸದು. ಬಟ್ಟೆ ಸುಮ್ಮನೆ ಬಿದ್ದಿತ್ತು, ಹೊಲಿದುಕೊಂಡೆ. ಅವರು ಹೊಸ ಶರ್ಟು ಹಾಕಿದ್ದರು, ಜೇಬಿನ ಮೇಲೆ ಕಂಪನಿಯ ಸ್ಟಿಕ್ಕರು ಹಾಗೇ ಇತ್ತು. ಹೊನ್ನಾಳಿ ಬರುವವರೆಗೂ ಅದನ್ನು ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಲೇ ಇಲ್ಲ.

ಹೊನ್ನಾಳಿಯಲ್ಲಿ ಜಹಾಂಗೀರ್ ಮತ್ತು ಅನೀಸಾ ಎಂಬ ಗಂಡ ಹೆಂಡತಿಯ ಸಣ್ಣ ಹೋಟೆಲ್. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಪಲಾವ್. ಆದರೆ ಜಹಾಂಗೀರ್ ಬಹಳ ವರ್ಷ ದುಬೈನ ಇಟಲಿ ಹೋಟೆಲಿನಲ್ಲಿ ಅಡುಗೆ ಮಾಡಿ ಬಂದವರು. ಊರಿನಲ್ಲಿ ಯಾರೂ ಆ ಅಡುಗೆ ಕೇಳಿರಲೇ ಇಲ್ಲವಂತೆ. ಇವರು ಹೋಗಿ ಕೇಳಿದಾಗ ಅವರ ಕಣ್ಣಲ್ಲಿ ನೀರು ಬಂತು ಎಂದು ಅನೀಸಾ ನನ್ನ ಕಿವಿಯಲ್ಲಿ ಹೇಳಿದಳು. ಇನ್ನೂ ಒಂದು ಹೇಳಿದಳು. ಪರದೆ ಕಟ್ಟಿದ ಫ್ಯಾಮಿಲಿ ರೂಮಿನ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತಂತೆ. ಇವರು ಮೊದಲೇ ಒಂದು ದಿನ ಬಂದು ಅದನ್ನು ಬಿಚ್ಚಿ ಸರಿ ಮಾಡಿದ್ದಾರೆ, ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬು ಹಾಕಿದ್ದಾರೆ. "ಅಕ್ಕಾ, ಫ್ಯಾನ್ ಯಾಕ್ರಿ ಅಂತ ಕೇಳಿದೆ. 'ಅವರು ಮೆತ್ತಗೆ ಇಲ್ಲ ಅಂದ್ರೂ ನನಗೆ ಕೇಳಿಸಬೇಕಮ್ಮ' ಅಂದ್ರು" ಎಂದಳು. ಇಲ್ಲ ಎನ್ನುವುದನ್ನು ಕೇಳಿಸಿಕೊಳ್ಳಲು ಫ್ಯಾನು ರಿಪೇರಿ ಮಾಡಿದ ಗಂಡಸನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಇವರು ಎಲ್ಲಾ ಶಾಸ್ತ್ರ ಬಲ್ಲವರು. ಮಾತು ಮುಗಿಯುವ ಮೊದಲು ಅನ್ನ ಬೇಡ, ತಿಂಡಿಯೇ ಇರಲಿ ಎಂದು ಶಾವಿಗೆಯಂಥದ್ದು ಏನೋ ಮಾಡಲು ಹೇಳಿದ್ದರಂತೆ. ಆದರೆ ಜಹಾಂಗೀರ್ ತಮ್ಮ ಕೈಚಳಕ ತೋರಿಸುವ ಉಮೇದಿನಲ್ಲಿ ಬೇರೆಯದನ್ನೇ ಮಾಡಿದ್ದರು. ನಾವು ಕೂತು ಇನ್ನೂ ನೀರು ಕುಡಿದಿಲ್ಲ, ಎರಡು ತಟ್ಟೆ ತಂದು ಮುಂದಿಟ್ಟರು. ರಿಸೊಟ್ಟೊ ಎಂದರು. ಬಿಸಿಬೇಳೆಬಾತಿನ ಹಾಗೆ ಮೆತ್ತಗೆ, ಬಣ್ಣ ಬೆಳ್ಳಗೆ, ಅಣಬೆ, ಬೆಣ್ಣೆ, ಘಮ್ಮೆನ್ನುವ ವಾಸನೆ. ನಾನು ಚಮಚ ಎತ್ತಿದೆ.

ತಿಪ್ಪೇರುದ್ರಸ್ವಾಮಿಯವರು ಕೈ ಚಾಚಿ ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡುಬಿಟ್ಟರು. ಮುಖವೆಲ್ಲ ಬೆವರು. "ತಿನ್ನಬ್ಯಾಡ್ರಿ, ತಿನ್ನಬ್ಯಾಡ್ರಿ! ಇದು ಅನ್ನ ಐತೆ!" ಎಂದರು. ಜಹಾಂಗೀರ್ ಗಾಬರಿಯಾಗಿ, "ಯಾಕ್ರಿ ಸಾಹೇಬ್ರೆ, ಏನಾತು? ಆರಿದ್ರೆ ಕೆಡತೈತ್ರಿ ಇದು" ಎಂದರೆ, ಇವರು, "ನಾನಿನ್ನೂ ಕೇಳೇ ಇಲ್ಲಪ್ಪ. ಕೇಳಾಕೆ ಮೊದಲೇ ಅವರು ಅನ್ನ ಉಂಡ್ರೆ ಒಪ್ಪಿಸಿದಂಗೆ ಆಗ್ತೈತೆ. ಅವರಿಗೆ ಹಿಂದೆ ಒಂದು ಸಲ ಹಂಗೇ ಆಗೈತೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ಒದ್ದೆಯಾಯಿತು. ಅನೀಸಾ ಗಂಡನ ತೋಳು ಹಿಡಿದು ಪರದೆಯ ಆಚೆಗೆ ಎಳೆದುಕೊಂಡು ಹೋದಳು.

ಆಮೇಲೆ ಕೇಳಿದರು. ಮಂಡಿಯೂರಲಿಲ್ಲ, ಅವರಿಗೆ ಮಂಡಿ ನೋವು. ಎರಡೂ ತಟ್ಟೆ ತಮ್ಮ ಮುಂದೆ ಇಟ್ಟುಕೊಂಡು, "ನಾಗರತ್ನ ಅವರೇ, ನಿಮ್ಮನ್ನ ಯಾರೂ ಕೇಳಿರಲಿಲ್ಲ ಅಂದ್ರಿ. ನಾನು ಕೇಳ್ತೀನ್ರಿ. ನನ್ನ ಜೊತೆ ಇರ್ತೀರಾ?" ಎಂದರು. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.

ಯಾರಾದರೂ ಕೇಳಿ ಅಭ್ಯಾಸವಿದ್ದರೆ ತಾನೇ ಉತ್ತರ ಹೇಳಲು ಬರುವುದು? ಕೊನೆಗೆ, "ಮಗಳನ್ನ ಕೇಳಬೇಕ್ರಿ" ಎಂದೆ. ಅವರ ಮುಖ ಸ್ವಲ್ಪ ಬಾಡಿತು, ನಿನಗೆ ಸುಳ್ಳು ಯಾಕೆ ಹೇಳಲಿ. ಆದರೂ, "ಕೇಳ್ರಿ, ಅವಸರ ಇಲ್ಲ" ಎಂದರು. ತಮ್ಮ ಬುತ್ತಿಯ ಸ್ಟೀಲ್ ಡಬ್ಬಿ ಚೀಲದಲ್ಲೇ ಇತ್ತು. ನನ್ನ ಪಾಲನ್ನು ಅದಕ್ಕೆ ಹಾಕಿಸಿ ನನ್ನ ಕೈಗೆ ಕೊಟ್ಟು, ಉತ್ತರ ಇಲ್ಲ ಎಂದಾದರೆ ಹಸುವಿಗೆ ಹಾಕಿಬಿಡಿ, ಬೇಜಾರಿಲ್ಲ ಎಂದರು. ತಮ್ಮ ಪಾಲನ್ನೂ ಅವರು ಮುಟ್ಟಲಿಲ್ಲ. ಅದನ್ನು ಜಹಾಂಗೀರ್ ಮತ್ತು ಅನೀಸಾ ನಮ್ಮೆದುರೇ ಕೂತು ಉಂಡರು. ಹೊಟ್ಟೆ ಚುರುಗುಟ್ಟುತ್ತಾ ಬಸ್‌ಸ್ಟ್ಯಾಂಡಿಗೆ ಬಂದರೆ ಬಿಸಿ ಬಿಸಿ ಮೆಣಸಿನಕಾಯಿ ಕರಿದು ಮಂಡಕ್ಕಿಯ ಜೊತೆ ಕೊಡುತ್ತಿದ್ದರು. ಮಂಡಕ್ಕಿಯೂ ಅಕ್ಕಿಯದೇ ಅಲ್ಲವೇ ಎಂದು ನಾನು ಅನುಮಾನದಿಂದ ಇವರ ಮುಖ ನೋಡಿದೆ. ಇವರು ಗಂಭೀರವಾಗಿ ಯೋಚಿಸಿ, "ಮಂಡಕ್ಕಿ ಮೆಣಸಿನಕಾಯಿ ತಿಂಡಿನೇ ರೀ, ಅದಕ್ಕೇನು ತಪ್ಪಿಲ್ಲ" ಎಂದು ತೀರ್ಪು ಕೊಟ್ಟರು. ಬೆಂಚಿನ ಮೇಲೆ ಕೂತು ಇಬ್ಬರೂ ತಿಂದೆವು. ಆಗ ಸ್ಟಿಕ್ಕರಿನ ವಿಷಯ ಹೇಳಿದೆ. ನಾಚಿ ಕೆಂಪಗಾದರು.

ಇಷ್ಟು ನಡೆದದ್ದು. ನಿನ್ನ ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎನ್ನುತ್ತಾಳೆ, ಗೊತ್ತು. ಆ ಮಾತನ್ನು ಅವಳು ಹೇಳಿದರೆ ತಡೆದುಕೊಳ್ಳುತ್ತೇನೆ, ನೀನು ಹೇಳಿದರೆ ತಡೆಯಲಾರೆ. ಅಪ್ಪನ ಜಾಗಕ್ಕೆ ಇನ್ನೊಬ್ಬರು ಎಂದು ನಿನಗೆ ಅನ್ನಿಸಿದರೆ ನಾನು ಮುಂದೆ ಹೆಜ್ಜೆ ಇಡುವುದಿಲ್ಲ. ಡಬ್ಬಿ ಫ್ರಿಜ್ಜಿನಲ್ಲಿದೆ. ಬೆಳಿಗ್ಗೆಯಿಂದ ಎಷ್ಟು ಸಲ ಬಾಗಿಲು ತೆಗೆದು ನೋಡಿದೆನೋ ಲೆಕ್ಕವಿಲ್ಲ. ನಿನಗೆ ಹೇಗೆ ಅನ್ನಿಸುತ್ತದೋ ಹಾಗೆಯೇ ಬರೆ. ನನ್ನ ಮನಸ್ಸು ನೋಡಿ ಬರೆಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೈಟ್ ಡ್ಯೂಟಿ ಇದ್ದರೆ ಸ್ವೆಟರ್ ಮರೆಯಬೇಡ.

ನಿನ್ನ ಉತ್ತರದ ದಾರಿ ನೋಡುತ್ತಿರುವ
ಅಮ್ಮ, ನಾಗರತ್ನ

ತಾ.ಕ.: ಅಂಟಿಸುವ ಮೊದಲು ಕಾಗದವನ್ನು ಇನ್ನೊಂದು ಸಲ ಓದಿದೆ. ಅವರು ಅಷ್ಟು ಊರು ಸುತ್ತಿ, ಮುಂದೆ ಬಂದ ಅನ್ನವನ್ನೂ ತಡೆದು ಕೇಳಿದ್ದು ನನ್ನನ್ನು. ನಾನು ನೋಡಿದರೆ ಉತ್ತರ ಹೇಳುವ ಕೆಲಸವನ್ನು ನಿನಗೆ ಹಚ್ಚುತ್ತಿದ್ದೇನೆ. ಎದ್ದು ಹೋಗಿ ಹಿತ್ತಲಿನಿಂದ ಒಂದು ಬಾಳೆ ಎಲೆ ಕೊಯ್ದು ತಂದೆ, ನನಗೆ ನಾನೇ ಎಲೆ ಹಾಕಿಕೊಂಡೆ, ಡಬ್ಬಿಯಲ್ಲಿದ್ದುದನ್ನು ಬಿಸಿ ಮಾಡಿ ಕೂತು ಉಂಡೆ. ಉಪ್ಪು ಒಂದು ಚೂರು ಕಡಿಮೆ, ಆದರೆ ಬಹಳ ರುಚಿ. ನೀನು ಸಿಟ್ಟಾದರೆ ಬಂದು ಬೈ, ಕೂತು ಕೇಳುತ್ತೇನೆ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅವರ ಡಬ್ಬಿ ವಾಪಸ್ ಕೊಡಬೇಕು. ಯಾರ ಪಾತ್ರೆಯನ್ನೂ ಬರಿದಾಗಿ ಕೊಡಬಾರದಲ್ಲ, ತೊಳೆದು ಒರೆಸಿ ಸಕ್ಕರೆ ತುಂಬಿಟ್ಟಿದ್ದೇನೆ.