ಕಿಟಕಿಯಾಚೆ ಕಂಡ ನೆವಿಲ್

ನೆವಿಲ್,

ಬೆಳಿಗ್ಗೆ ನೀನು ಮರೆತುಹೋದ ಬಿಪಿ ಮಾತ್ರೆ ಕೊಡಲು ಕಾರ್ಖಾನೆಗೆ ಹೋಗಿದ್ದೆ. ಗೇಟಿನವನು, "ಗ್ಲೆನಿಸ್, ಅವನನ್ನ ಕೆಲಸದಿಂದ ತೆಗೆದು ನಾಲ್ಕು ತಿಂಗಳಾಯ್ತಲ್ಲ. ಟೇಫ್ ಅನ್ನೋ ವೃತ್ತಿ ತರಬೇತಿ ಕಾಲೇಜಿಗೆ ಹೋಗ್ತಿದಾನೆ, ನಿಂಗೆ ಗೊತ್ತಿಲ್ವಾ?" ಅಂದ.

ಕಾಲೇಜಿಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ನೀನು ನೀಲಿ ಸಮವಸ್ತ್ರ ತೊಟ್ಟು, ಮಂಚದ ಮೇಲಿನ ಆಳೆತ್ತರದ ಗೊಂಬೆಯ ಮಗ್ಗುಲು ಬದಲಿಸುವುದನ್ನು ಕಲಿಯುತ್ತಿದ್ದೆ. ಕೊನೆಗಾಲದಲ್ಲಿ ನನ್ನಮ್ಮನ ತಲೆ ಎತ್ತುತ್ತಿದ್ದೆಯಲ್ಲ, ಗೊಂಬೆಯ ತಲೆಯನ್ನೂ ನೀನು ಹಾಗೇ ಎತ್ತಿದೆ. ನಾನು ಒಳಗೆ ಬರದೆ ಅಲ್ಲೇ ನಿಂತು ನೋಡಿದೆ.

ನಿನ್ನ ಶಿಕ್ಷಕಿ ಹೊರಗೆ ಸಿಕ್ಕಳು. "ವೃದ್ಧರ ಆರೈಕೆ ಕೋರ್ಸು ಈ ತಿಂಗಳು ಮುಗಿಯತ್ತೆ. ಅದರ ಮೇಲೆ ಯೂನಿವರ್ಸಿಟೀಲಿ ನರ್ಸಿಂಗ್ ಸೀಟೂ ಸಿಕ್ಕಿದೆ. ಮನೇಲಿ ಹೇಳೋಕೆ ಹೆದರ್ತಾನೆ ಅಷ್ಟೆ, ಸಮವಸ್ತ್ರಾನೂ ಕಾರಲ್ಲೇ ಬಚ್ಚಿಡ್ತಾನೆ," ಅಂದಳು. ನನಗೆ ಹೆದರುವುದೇ? ಇಪ್ಪತ್ತೆಂಟು ವರ್ಷ ಜೊತೆಗಿದ್ದ ಮೇಲೆ?

ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೊ. ಮೊದಲು ಮಾತ್ರೆ ನುಂಗು. ಸಮವಸ್ತ್ರವನ್ನು ಇನ್ನು ಕಾರಿನಲ್ಲಿ ಬಚ್ಚಿಡಬೇಡ, ಒಗೆಯಲು ಹಾಕು.

ನಾನು ಮಗಳ ಮನೆಗೆ ಹೋಗುತ್ತಿದ್ದೇನೆ. ಯಾರ ಮುಂದಾದರೂ ಕೂತು ಅಳಬೇಕು.

ಸೀಟಿಗೆ ಒಪ್ಪಿಗೆ ಕಳಿಸಲು ಇವತ್ತೇ ಕೊನೆಯ ದಿನವಂತೆ. ಆರು ಗಂಟೆಗೆ ಬರುತ್ತೇನೆ. ಅಷ್ಟರೊಳಗೆ ಕಳಿಸಿರು. ಬೈಯುವುದೆಲ್ಲ ಆಮೇಲೆ.

ಗ್ಲೆನಿಸ್