ಮರುಳಸಿದ್ದಮ್ಮ ಪಥ್ಯ ಮುರಿದವಳಲ್ಲ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳೇ,

‘ರೋಗಿಯು ಪಥ್ಯವನ್ನು ಪಾಲಿಸದ ಕಾರಣ ಮರಣ ಸಂಭವಿಸಿದೆ’ ಎಂದು ತಮ್ಮ ಕಚೇರಿಯಿಂದ ನನಗೆ ಉತ್ತರ ಬಂದಿದೆ. ಆ ರೋಗಿ ನನ್ನ ಹೆಂಡತಿ ಮರುಳಸಿದ್ದಮ್ಮ. ತಮ್ಮ ಮಾತು ಸುಳ್ಳು. ಅವಳು ಸತ್ತದ್ದು ಪಥ್ಯವನ್ನು ಪಾಲಿಸಿದ್ದರಿಂದ. ಈಗ ಅದೇ ಸಿಹಿಮೂತ್ರದ ರೋಗ ಅವಳ ತಂಗಿ ಪಂಪಮ್ಮನಿಗೂ ಬಂದಿದೆ. ಅದೇ ಆಸ್ಪತ್ರೆ ಅದೇ ಪಥ್ಯ ಹೇಳಿದೆ. ಅವಳೂ ಅದನ್ನು ಚಾಚೂ ತಪ್ಪದೆ ನಡೆಸುತ್ತಿದ್ದಾಳೆ. ಆದ್ದರಿಂದಲೇ ಈ ಸಲ ಟಪಾಲನ್ನು ಬಿಟ್ಟು ಪತ್ರಿಕೆಗೆ ಬರೆಯುತ್ತಿದ್ದೇನೆ. ಟಪಾಲಿನಲ್ಲಿ ಬಂದದ್ದಕ್ಕೆ ತಾವು ಉತ್ತರ ಕೊಡುತ್ತೀರಿ, ಆದರೆ ಓದುವುದಿಲ್ಲ.

ನಾನು ಕಂಪ್ಲಿಯ ಬೆಲ್ಲದ ವ್ಯಾಪಾರಿ. ನಗು ಬಂದರೆ ನಗಿರಿ, ಊರಿನವರೂ ನಕ್ಕಿದ್ದಾರೆ. ಮೊದಲು ಬಚ್ಚಲ ಮೋರಿಗೆ ಇರುವೆ ಮುತ್ತಿದಾಗ ಅಂಗಡಿಯ ಇರುವೆಗಳೇ ಮನೆಗೂ ಬಂದಿವೆ ಎಂದುಕೊಂಡೆವು. ಬೆಲ್ಲದವರ ಮನೆ ತಾನೇ! ಬೇರೆ ಯಾರ ಮನೆಯಲ್ಲಾದರೂ ಒಂದು ವಾರದಲ್ಲಿ ಅನುಮಾನ ಬರುತ್ತಿತ್ತು. ನಮಗೆ ಬರಲು ಬೇಸಿಗೆಯೆಲ್ಲ ಕಳೆಯಬೇಕಾಯಿತು. ಅಷ್ಟರಲ್ಲಿ ಅವಳು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಕಾಯಿಲೆ ತಿಳಿದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ನೆಲ್ಲಕ್ಕಿ ಅನ್ನ ಬಿಟ್ಟಳು. ನವಣೆ ಅನ್ನ, ಒಂದೇ ಒಂದು ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ, ಬೆಳಿಗ್ಗೆ ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ. ಇವುಗಳಿಂದ ರೋಗ ಓಡಿಹೋಯಿತೆಂದು ಹೇಳಲು ನಾನೇನು ಸಂತೆಯಲ್ಲಿ ಬೇರು ಮಾರುವವನಲ್ಲ. ಆದರೆ ದಾಹ ಇಳಿಯಿತು, ಕಣ್ಣಿಗೆ ನಿದ್ದೆ ಬಂತು, ಹೊಳೆಯಿಂದ ಕೊಡ ಹೊತ್ತು ತರುವಷ್ಟು ಕಸುವು ಬಂತು. ಅಲ್ಲಿಗೇ ಬಿಟ್ಟಿದ್ದರೆ ಎಂದು ಈಗ ಅನ್ನಿಸುತ್ತದೆ. ಬಿಡಲಿಲ್ಲ. ಸರಕಾರಿ ಆಸ್ಪತ್ರೆ ಇರುವಾಗ ಅಡುಗೆಮನೆಯ ವೈದ್ಯವೇಕೆ ಎಂದು ನಾನೇ ಹೊಸಪೇಟೆಗೆ ಗಾಡಿ ಕಟ್ಟಿಸಿದೆ.

ಡಾಕ್ಟರು ಮದರಾಸಿನಲ್ಲಿ ಓದಿದವರು, ಒಳ್ಳೆಯವರು, ಕನ್ನಡ ಬಾರದವರು. ಮೂತ್ರವನ್ನು ನೀಲಿ ಔಷಧಿಯಲ್ಲಿ ಹಾಕಿ ಕಾಯಿಸಿದರು. ಇಟ್ಟಿಗೆಯಷ್ಟು ಕೆಂಪಾಯಿತು, ಅಷ್ಟು ಸಕ್ಕರೆ ಇದೆಯೆಂದು ಅರ್ಥವಂತೆ. ಈ ರೋಗಕ್ಕೆ ಪರದೇಶದಲ್ಲೂ ಈಗ ಉಪವಾಸವೇ ಚಿಕಿತ್ಸೆಯೆಂದರು. ನನಗೆ ಸಂತೋಷವೇ ಆಯಿತು. ಲಂಘನಂ ಪರಮೌಷಧಂ ಎಂದು ನಮ್ಮ ಹಿರಿಯರು ಹೇಳಿದ್ದು ಸುತ್ತಿ ಬಳಸಿ ಹಡಗು ಹತ್ತಿ ಬಂದಿದೆಯಲ್ಲ ಎಂದುಕೊಂಡೆ. ಆಸ್ಪತ್ರೆಯ ಕಂಪೌಂಡರ್ ಹೊನ್ನೂರಸ್ವಾಮಿ ಅದನ್ನು ನಮಗೆ ಬಿಡಿಸಿ ಹೇಳಿದ.

“ಯವ್ವಾ, ಸೋಮಾರ ಶಿವಂದು ಹಿಡಿತೀಯಲ್ಲ, ಹಂಗ ಇನ್ನೆರಡು ದಿನ ಹಿಡಿ. ಭಾಳ ಸುಲಭ ಐತಿ.”

“ಇಷ್ಟ ಏನು?” ಎಂದು ಅವಳು ನಕ್ಕಳು. “ಸೋಮಾರ ಶಿವಂದು, ಬ್ಯಾಸ್ತ್ವಾರ ಡಾಕ್ಟ್ರದು, ಶನಿವಾರ ಇಬ್ರಿಗೂ ಸೇರಿಸಿ.”

ಮಾನ್ಯರೇ, ಸೋಮವಾರದ ಉಪವಾಸವೆಂದರೆ ನಮ್ಮ ಕಡೆ ಏನೆಂದು ತಮಗೆ ಗೊತ್ತೇ? ಅನ್ನ ರೊಟ್ಟಿ ಮುಟ್ಟುವಂತಿಲ್ಲ. ಅಷ್ಟೇ. ಉಳಿದದ್ದೆಲ್ಲ ಫಲಾಹಾರ. ಸುಗಂಧಿ ಬಾಳೆಹಣ್ಣು, ಕುದಿಸಿದ ಗೆಣಸು, ಖರ್ಜೂರ, ಬೆಲ್ಲ ಹಾಕಿದ ಹಾಲು, ಸುಸ್ತಾದರೆ ಪಾನಕ. ಇಷ್ಟೇ ಆಗಿದ್ದರೂ ತಡೆಯಬಹುದಿತ್ತೇನೋ. ಉಪವಾಸ ಇದ್ದವರಿಗೆ ಹಣ್ಣು ಕೊಟ್ಟರೆ ಪುಣ್ಯವಲ್ಲವೇ? ಬದಿಮನೆಯ ಕೊಟ್ರಬಸಮ್ಮ ಮಲಪನಗುಡಿಯ ತವರಿನಿಂದ ಬಾಳೆಗೊನೆಯನ್ನೇ ತರಿಸಿದಳು. “ವಾರಕ್ಕ ಮೂರು ದಿನ ಒಣಗಾಕತ್ತೀಯಲ್ಲೇ ತಂಗಿ, ತಿನ್ನು,” ಎಂದು ಸುಲಿದು ಕೈಗಿಟ್ಟಳು. ಪಾನಕಕ್ಕೆ ಬೆಲ್ಲ ನನ್ನ ಅಂಗಡಿಯದು. ಎಲ್ಲಕ್ಕಿಂತ ಒಳ್ಳೆಯ ಅಚ್ಚನ್ನೇ ಆರಿಸಿ ತರುತ್ತಿದ್ದೆ. ನವಣೆ, ಹಾಗಲಕಾಯಿ ತಿಂದ ದಿನಗಳಲ್ಲಿ ಅವಳು ಚೇತರಿಸಿಕೊಳ್ಳುತ್ತಿದ್ದಳು, ಪಥ್ಯ ಹಿಡಿದ ದಿನ ಮತ್ತೆ ಬೀಳುತ್ತಿದ್ದಳು. ಆಗ ಆಸ್ಪತ್ರೆಗೆ ಹೋಗಿ ಹೇಳಿದೆವು. ಅವರು ಏನು ಹೇಳಿದರು? ಇನ್ನೂ ಒಂದು ದಿನ ಉಪವಾಸ ಹೆಚ್ಚಿಸಿ ಎಂದರು. ಹೆಚ್ಚಿಸಿದಳು.

ಕಾಲುಂಗುರದ ಬೆರಳಲ್ಲಿ ಒಂದು ಹುಣ್ಣಾಯಿತು. ಉಂಗುರ ತೆಗೆಯೆಂದರೆ ಮುತ್ತೈದೆ ತೆಗೆಯಬಾರದೆಂದಳು. ಹುಣ್ಣು ಕಪ್ಪಾಗಿ ಮೇಲೇರಿತು. ಜ್ವರ ಬಂತು. ಮಂಪರಿನಲ್ಲೂ ಅವಳು ಕೇಳಿದ್ದು ಒಂದೇ, “ಇವತ್ತು ಯಾವ ವಾರ? ನಾನು ಏನಾರ ತಿಂದುಬಿಟ್ಟೆನೇನ್ರಿ?” ಇಲ್ಲ ಎಂದೆ. ಶನಿವಾರವಾಗಿತ್ತು. ಅಂದು ರಾತ್ರಿಯೇ ಹೋದಳು. ನಮ್ಮ ಪದ್ಧತಿಯಂತೆ ಅವಳನ್ನು ಕೂರಿಸಿ ಮಣ್ಣು ಮಾಡಿ ಬಂದೆವು. ನಾನು ಅಳಲಿಲ್ಲ. ಇವತ್ತಿಗೂ ಅತ್ತಿಲ್ಲ. ಅಂಗಡಿ ತೆರೆಯುತ್ತೇನೆ, ಬೆಲ್ಲ ತೂಗುತ್ತೇನೆ, ಬಾಗಿಲು ಹಾಕುತ್ತೇನೆ. ಯಾರಾದರೂ ಮಾತಾಡಿಸಿದರೆ ಸ್ವಲ್ಪ ತಡವಾಗಿ ಕೇಳಿಸುತ್ತದೆ.

ಮಣ್ಣಾದ ಮೇಲೆ ಆಸ್ಪತ್ರೆಗೆ ಹೇಳಿ ಬರಲು ಹೋದೆ. ಆಗ ಆ ಡಾಕ್ಟರು ಮೊದಲ ಬಾರಿಗೆ ಕೇಳಿದರು, ಉಪವಾಸದ ದಿನ ಆಕೆ ಏನು ತೆಗೆದುಕೊಳ್ಳುತ್ತಿದ್ದರು ಎಂದು. ಹೇಳಿದೆ. ಹೊನ್ನೂರಸ್ವಾಮಿ ಇಂಗ್ಲಿಷಿಗೆ ತಿರುಗಿಸುತ್ತಾ ಅರ್ಧಕ್ಕೇ ನಿಲ್ಲಿಸಿದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರೀ ನೀರು, ಹೆಚ್ಚೆಂದರೆ ಬೇಯಿಸಿದ ಸೊಪ್ಪಿನ ಕಟ್ಟು, ಅದನ್ನೇ ನಾನು ಉಪವಾಸವೆಂದದ್ದು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ, ಹೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಮ್ಮ ಊಟ ನಮಗೆ ಗೊತ್ತಿತ್ತು, ರೋಗ ಅವರಿಗೆ ಗೊತ್ತಿತ್ತು, ಎರಡನ್ನೂ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಇದನ್ನೆಲ್ಲ ತಮಗೆ ಬರೆದೆ. ಅದಕ್ಕೆ ಬಂದ ಉತ್ತರವನ್ನೇ ಮೊದಲು ಹೇಳಿದ್ದು. ಆ ಡಾಕ್ಟರು ವರ್ಗವಾಗಿ ಹೋದರು. ಈಗ ಬಂದವರಿಗೆ ಹೋಗಿ ಹೇಳಿದರೆ, “ಬೆಲ್ಲ ಮಾರುವವರಿಂದ ನಾನು ವೈದ್ಯ ಕಲಿಯಬೇಕೇ?” ಎಂದು ಕಂಪೌಂಡರನ ಬಾಯಿಂದ ಕೇಳಿಸಿದರು. ಕಲಿಯಬೇಡಿ ಸ್ವಾಮಿ, ಕೇಳಿಸಿಕೊಂಡರೆ ಸಾಕಿತ್ತು.

ಪಂಪಮ್ಮ ಹೊಸಪೇಟೆಯಲ್ಲಿದ್ದಾಳೆ. ಹೋದ ಸೋಮವಾರ ಅವಳ ಮನೆಗೆ ಹೋಗಿದ್ದೆ. ತಟ್ಟೆಯಲ್ಲಿ ಗೆಣಸು, ಬಾಳೆಹಣ್ಣು. ತಟ್ಟೆಯನ್ನು ಎಳೆದುಕೊಂಡು, ನಿಮ್ಮಕ್ಕ ಇದರಿಂದಲೇ ಹೋದಳು ಎಂದೆ.

“ಕೊಡ್ರಿ ಭಾವ ಇಲ್ಲಿ,” ಎಂದಳು. “ಡಾಕ್ಟ್ರು ಇದನ್ನ ಬಿಡು ಅಂದಿಲ್ಲ. ಅಕ್ಕ ಪಥ್ಯ ಮುರುದ್ಲು ಅಂತ ಸರಕಾರದವರ ಬರದ್ಯಾರಲ್ಲ? ನನಗ ಆ ಮಾತು ಬರಬಾರ್ದು. ಅಕ್ಕ ನಾಕು ದಿನ ಹಿಡಿದ್ಲು, ನಾನು ಐದು ದಿನ ಹಿಡೀತೀನಿ.”

ನೋಡಿದಿರಾ ಮಾನ್ಯರೇ, ತಮ್ಮ ಆ ಒಂದು ಸಾಲಿನ ಕೆಲಸ? ಸತ್ತವಳಿಗೆ ಅಪವಾದ ಹೊರಿಸಿ ಅಲ್ಲಿಗೇ ಮುಗಿಯಲಿಲ್ಲ. ಇದ್ದವಳ ಕೈಗೆ ಹಣ್ಣು ಸುಲಿದು ಕೊಡುತ್ತಿದೆ. ನನ್ನ ಮಾತನ್ನು ಅವಳು ನಂಬುವುದಿಲ್ಲ, ತಮ್ಮದನ್ನು ನಂಬುತ್ತಾಳೆ. ತಮ್ಮದಕ್ಕೆ ಮೊಹರು ಇರುತ್ತದೆ.

ಆದ್ದರಿಂದ ನನ್ನ ಹೆಂಡತಿಯನ್ನು ತಿರುಗಿ ಕೊಡಿ ಎನ್ನುವುದಿಲ್ಲ, ಅಷ್ಟು ಬುದ್ಧಿ ಇನ್ನೂ ಉಳಿದಿದೆ. ಆ ಸಾಲನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ, ಮರುಳಸಿದ್ದಮ್ಮ ಹೇಳಿದ್ದನ್ನು ಹೇಳಿದಂತೆ ಮಾಡಿದಳು ಎಂದು ಬರೆಯಿರಿ. ಈ ರೋಗಕ್ಕೆ ಉಪವಾಸ ಹೇಳುವ ಮುನ್ನ ಆ ದಿನ ಏನು ತಿನ್ನುತ್ತೀರೆಂದು ಕೇಳಲು ತಮ್ಮ ಡಾಕ್ಟರುಗಳಿಗೆ ಆಜ್ಞೆ ಮಾಡಿ. ಪಂಪಮ್ಮನಿಗೆ ಮಾತ್ರ ಇವತ್ತೇ, ಕನ್ನಡದಲ್ಲಿ, ಮೊಹರು ಒತ್ತಿ ಬರೆಯಿರಿ: ಬಾಳೆಹಣ್ಣು ಬೇಡ, ಗೆಣಸು ಬೇಡ, ಖರ್ಜೂರ ಬೇಡ, ಬೆಲ್ಲ ಬೇಡ. ಬೇಗ ಬರೆಯಿರಿ, ಶ್ರಾವಣ ಬಂತು. ಊರಿನ ಹೆಂಗಸರೆಲ್ಲ ಅವಳ ಮನೆಗೆ ಹಣ್ಣು ಹೊತ್ತುಕೊಂಡು ಹೊರಟಿದ್ದಾರೆ.

ಇಂತಿ,
ಬೆಲ್ಲ ಮಾರುವವನಾದ್ದರಿಂದ ಯಾರೂ ಮಾತು ಕೇಳದ,
ಗಾದಿಲಿಂಗಪ್ಪ
ಕಂಪ್ಲಿ, ಆಷಾಢ ಮಾಸ, ೧೯೨೧